ಒಂದೇ ವಿಳಾಸಕ್ಕೆ ಹೋದ ಎಚ್ಚರಿಕೆ

2024ರ ಆಗಸ್ಟ್ 12, ಸೋಮವಾರ. ಬೆಳಿಗ್ಗೆ 11:20ಕ್ಕೆ ಗಾಜುವಾಕದ ಸಿಂಧುಜಾ ಸ್ಕ್ಯಾನಿಂಗ್ ಸೆಂಟರಿನ ಮ್ಯಾನೇಜರ್ ಸಾಯಿಪ್ರಿಯಾ ವಿಶಾಖಪಟ್ಟಣದ ಸೈಬರ್ ಠಾಣೆಗೆ ದೂರು ತಂದಳು. ಮೂರು ಶಾಖೆಗಳ ಸ್ಕ್ಯಾನುಗಳನ್ನು ಒಟ್ಟಿಗೆ ಕಾಪಾಡುವ ಸ್ಟೋರೇಜ್ ಯಂತ್ರ ಶನಿವಾರ ಕೈಕೊಟ್ಟಿತ್ತು. ಹತ್ತೊಂಬತ್ತು ದಿನಗಳ ಸ್ಕ್ಯಾನುಗಳು ಅಳಿಸಿಹೋಗಿದ್ದವು. ಪರವಾಡದ ಔಷಧ ಕಾರ್ಖಾನೆಯ ಕೆಲಸಗಾರ ರಾಮ್‌ಪ್ರಸಾದನನ್ನು ಆಪರೇಷನ್ ಟೇಬಲ್ಲಿನಿಂದಲೇ ವಾರ್ಡಿಗೆ ವಾಪಸ್ ಕಳಿಸಿದ್ದರು. ಅವನ ತಲೆಯೊಳಗಿನ ಗಡ್ಡೆ ಎಲ್ಲಿದೆಯೆಂದು ತೋರಿಸುವ ಚಿತ್ರವೇ ಇರಲಿಲ್ಲ.

"ಯಂತ್ರ ಕೆಟ್ಟರೆ ಪೊಲೀಸರು ಯಾಕೆ?" ಇನ್ಸ್‌ಪೆಕ್ಟರ್ ಜಾಹ್ನವಿ ಕೇಳಿದರು.

"ಕೆಟ್ಟಿದ್ದು ಎರಡು ಡಿಸ್ಕ್, ಮೇಡಂ. ಮೊದಲನೆಯದು ಗುರುವಾರವೇ ಹೋಗಿದೆ. ಒಂದು ಹೋದರೆ ಯಂತ್ರ ತಡ್ಕೊಳ್ಳುತ್ತೆ, ಆದರೆ ಆ ಕ್ಷಣವೇ ನಮಗೆ ಎಚ್ಚರಿಕೆಯ ಮೇಲ್ ಬರಬೇಕು. ಬಂದಿಲ್ಲ. ಮೇಲ್ ಹೋಗುವ ಜಾಗದಲ್ಲಿ ನಮ್ಮವರ ವಿಳಾಸ ಒಂದೂ ಇಲ್ಲ. ಯಾರದೋ ಒಂದೇ ವಿಳಾಸ ಇದೆ."

ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 2:30ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಸಿ ಯಂತ್ರದ ದಾಖಲೆಗಳನ್ನು ಪ್ರತಿ ಮಾಡಿಕೊಂಡರು. ಹೆಡ್ ಕಾನ್‌ಸ್ಟೇಬಲ್ ಜಗನ್ಮೋಹನ್ ಅದರ ಮೇಲೆ ಬೆರಳಾಡಿಸುತ್ತ ಹುಬ್ಬು ಗಂಟಿಕ್ಕಿದ.

"ವಿಚಿತ್ರ ಕಳ್ಳ, ಮೇಡಂ. ಹನ್ನೊಂದು ತಿಂಗಳಿಂದ ಹೊರಗಿನಿಂದ ನೆಟ್ ಮೂಲಕ ಯಂತ್ರದ ಒಳಗೆ ಬರ್ತಿದ್ದಾನೆ. ಎಚ್ಚರಿಕೆಯ ಮೇಲಿಗೆ ಸೆಂಟರಿನವರ ವಿಳಾಸ ತೆಗೆದು ತನ್ನದು ಹಾಕಿಕೊಂಡಿದ್ದು ಬಿಟ್ಟರೆ ಒಂದು ಫೈಲೂ ಮುಟ್ಟಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಯಂತ್ರದ ವೇಗ ಪರೀಕ್ಷೆ ಮಾಡ್ತಾನೆ. ಹತ್ತು ನಿಮಿಷ, ಬರೀ ಓದಿ ನೋಡೋ ಪರೀಕ್ಷೆ. ನಿಧಾನ ಆಗಿದ್ದರೆ ಸರಿಮಾಡಿ ಹೋಗ್ತಾನೆ."

"ಸರಿಮಾಡ್ತಾನಾ?"

"ಹದಿನಾಲ್ಕು ಸಲ ಮಾಡಿದ್ದಾನೆ."

ಹನ್ನೊಂದು ತಿಂಗಳ ಹಿಂದೆ ಏನಾಯಿತೆಂದು ಜಾಹ್ನವಿ ಸಾಯಿಪ್ರಿಯಾಳನ್ನು ಕೇಳಿದರು. ಯಂತ್ರದ ಉಸ್ತುವಾರಿಯನ್ನು ಹೊರಗಿನ ಗುತ್ತಿಗೆದಾರರಿಗೆ ವಹಿಸಿದ್ದರು. ಯಂತ್ರವನ್ನು ಮೊದಲು ಕೂರಿಸಿ ಹತ್ತು ವರ್ಷ ನೋಡಿಕೊಂಡಿದ್ದ ಶಂಕರಪ್ಪನನ್ನು ಕೆಲಸದಿಂದ ಬಿಡಿಸಿದ್ದರು. ಆತ ದಾವಣಗೆರೆ ಕಡೆಯವನು, ವಯಸ್ಸು ಐವತ್ತಮೂರು. ಪಾಸ್‌ವರ್ಡ್ ಬದಲಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಯಂತ್ರದೊಳಗೆ ಬರುತ್ತಿದ್ದ ಸಂಪರ್ಕ ಯಾರದೆಂದು ಕೇಳಿದ್ದಕ್ಕೆ ಆಗಸ್ಟ್ 15, ಗುರುವಾರ ಸಂಜೆ ಇಂಟರ್‌ನೆಟ್ ಕಂಪನಿಯಿಂದ ಉತ್ತರ ಬಂತು. ಸಂಪರ್ಕ ಕೊಂಡಪಲ್ಲಿಯ ಭ್ರಮರಾಂಬ ಎಂಬವರ ಹೆಸರಿನಲ್ಲಿತ್ತು. ಆಕೆ ಶಂಕರಪ್ಪನ ಹೆಂಡತಿ. ಅಷ್ಟರಲ್ಲಿ ಸೆಂಟರಿನ ಗೇಟಿನ ಸಿಸಿಟಿವಿ ನೋಡುತ್ತಿದ್ದ ಜಗನ್ಮೋಹನ್ ಇನ್ನೊಂದು ವಿಷಯ ತಂದ. ಆಗಸ್ಟ್ 9, ಶುಕ್ರವಾರ, ಅಂದರೆ ಮೊದಲ ಡಿಸ್ಕ್ ಹೋದ ಮರುದಿನ, ಶಂಕರಪ್ಪ ಗೇಟಿನ ಹೊರಗೆ ನಿಂತಿದ್ದ. 10:05ಕ್ಕೆ ಬಂದವನು 4:40ಕ್ಕೆ ಹೋಗಿದ್ದ. ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು.

ಆಗಸ್ಟ್ 16ರ ಬೆಳಿಗ್ಗೆ ಜಾಹ್ನವಿ, ಜಗನ್ಮೋಹನ್ ಇಬ್ಬರೂ ವಿಜಯವಾಡದಲ್ಲಿ ರೈಲಿಳಿದು, ಸ್ಥಳೀಯ ಠಾಣೆಗೆ ತಿಳಿಸಿ ಕೊಂಡಪಲ್ಲಿಗೆ ಹೋದರು. ಭ್ರಮರಾಂಬ ನೀರು ತಂದುಕೊಟ್ಟು ತೆಲುಗಿನಲ್ಲಿ ಹೇಳಿದರು.

"ಬಿಡಿಸಿದ ಮೇಲೂ ಆಫೀಸಿನವರು ಇವರನ್ನೇ ಕೇಳ್ತಾರಂಡಿ. ಫೋನ್ ಸದ್ದಾದರೆ ಸಾಕು, ಊಟದ ತಟ್ಟೆ ಬಿಟ್ಟು ಏಳ್ತಾರೆ. ಈಗೇನಾಯ್ತು?"

ಶಂಕರಪ್ಪ ಒಳಗಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. "ಏನು ವಿಷಯ?" ಎಂದ ಅವನ ತೆಲುಗಿನೊಳಗೆ ಜಾಹ್ನವಿಗೆ ಕನ್ನಡದ ಎಳೆತ ಕೇಳಿತು. ಬಳ್ಳಾರಿಯಿಂದ ಬ್ಯಾಂಕ್ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ್ದ ತಮ್ಮ ಅಪ್ಪ ತೀರಿಕೊಂಡ ಮೇಲೆ, ಎರಡು ವರ್ಷದಿಂದ ಅವರು ಯಾರೊಂದಿಗೂ ಕನ್ನಡ ಆಡಿರಲಿಲ್ಲ.

"ಶುಕ್ರವಾರ ಗೇಟಿನ ಹತ್ರ ಯಾಕ್ ನಿಂತಿದ್ರಿ?" ಎಂದು ಕನ್ನಡದಲ್ಲೇ ಕೇಳಿದರು.

ಅವನು ತಲೆಯೆತ್ತಿ ನೋಡಿದ. "ಡಿಸ್ಕ್ ಹೋಗೇತಿ ಅಂತ ಮೇಲ್ ಬಂತು. ಅದನ್ನ ಕೈಯಿಂದಲೇ ಬದಲಿಸ್ಬೇಕು, ಇಲ್ಲಿಂದ ಆಗಲ್ಲ. ಹೊಸದು ತಗೊಂಡು ಗಾಜುವಾಕದ ಹತ್ರ ದುವ್ವಾಡ ಸ್ಟೇಷನ್ನಾಗೆ ಇಳಿದೆ. ಪಾಸ್ ಇಲ್ಲ ಅಂತ ಒಳಗೆ ಬಿಡ್ಲಿಲ್ಲ."

"ಅಲ್ಲೇ ಯಾರಿಗಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಸಾಯಿಪ್ರಿಯಾ ನನ್ನ ಮುಂದೇ ಹಾದು ಹೋದ್ರು. ಬಾಯಿ ತನಕ ಬಂದಿತ್ತು."

"ಮತ್ತೆ?"

"ಹೇಳಿದ್ರೆ ಆಮೇಲೆ ನನಗೆ ಮೇಲ್ ಬರಾದು ನಿಂತುಹೋಗ್ತಿತ್ತಲ್ಲ, ಮೇಡಂ."

ಭ್ರಮರಾಂಬರಿಗೆ ಕನ್ನಡ ಅರ್ಥವಾಗುತ್ತಿತ್ತು. ಅವರು ಗೋಡೆ ಹಿಡಿದು ಮೆಲ್ಲಗೆ ಕೂತರು. ಲ್ಯಾಪ್‌ಟಾಪ್, ಫೋನು, ಸೀಲೊಡೆಯದ ಡಿಸ್ಕನ್ನು ಜಪ್ತಿ ಮಾಡಿ ಪಂಚನಾಮೆ ಬರೆದರು. 12:50ಕ್ಕೆ ಬಂಧನ. ಜಾಮೀನು ಸಿಗುವ ಅಪರಾಧವೆಂದು ಭ್ರಮರಾಂಬರಿಗೆ ಜಾಹ್ನವಿ ಎರಡು ಸಲ ಬಿಡಿಸಿ ಹೇಳಿದರು.

ಜೀಪಿನಲ್ಲಿ ಶಂಕರಪ್ಪ ಕೇಳಿದ, "ಹೊಸ ಡಿಸ್ಕ್ ಹಾಕಿದ್ರಾ? ವೇಗ ಸರಿ ಬರ್ತಾ ಐತಾ?"

ಜಾಹ್ನವಿ ರಾಮ್‌ಪ್ರಸಾದನ ವಿಷಯ ಹೇಳಿದರು. ಮತ್ತೆ ಸ್ಕ್ಯಾನ್ ಮಾಡಿ ಬುಧವಾರ ಆಪರೇಷನ್ ಆಗಿತ್ತು; ಜೀವಕ್ಕೆ ಅಪಾಯವಿಲ್ಲ, ಆದರೆ ತಡವಾದುದರಿಂದ ಎಡಗಣ್ಣಿನ ದೃಷ್ಟಿ ಉಳಿದಿರಲಿಲ್ಲ. ವಿಜಯವಾಡದವರೆಗೂ ಶಂಕರಪ್ಪ ಮತ್ತೆ ಯಂತ್ರದ ಮಾತೆತ್ತಲಿಲ್ಲ.

ಕೇಸ್ ಡೈರಿಯಲ್ಲಿ ಉದ್ದೇಶ ಬರೆಯಬೇಕಾದಲ್ಲಿ ಜಾಹ್ನವಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ದ್ವೇಷ ಇರಲಿಲ್ಲ, ಲಾಭದ ಆಸೆಯೂ ಇರಲಿಲ್ಲ. ಕೊನೆಗೆ ಬರೆದರು: 'ತನ್ನನ್ನು ಯಾರಾದರೂ ಕರೆಯಲಿ ಎಂದು ಆರೋಪಿ ಹನ್ನೊಂದು ತಿಂಗಳು ಕಾದಿದ್ದಾನೆ. ಯಂತ್ರ ಮಾತ್ರ ಕರೆಯುತ್ತಿತ್ತು.'