ಬಲಚಕ್ರದ ಜಾಯಿಂಟು

“ನಿನ್ನ ಕೈ ಸೇದಿಹೋಗ. ನನ್ನ ಗಂಡ ತೊಡೆ ಮುರ್ಕೊಂಡು ಆಸ್ಪತ್ರೇಲಿ ಬಿದ್ದಿದ್ದಾರೆ, ನೀನಿಲ್ಲಿ ಕಲ್ಲುಕಂಬದ ಹಾಗೆ ನಿಂತಿದ್ದೀಯ.”

ದರ್ಜಿಯ ಹೆಂಡತಿ ಠಾಣೆಯ ಮೇಜು ಗುದ್ದಿ ಬಯ್ಯುತ್ತಿದ್ದಳು. ಎದುರಿಗೆ ಗ್ಯಾರೇಜಿನ ಅಣ್ಣ ತಮ್ಮ. ಶಾಪ ಇಬ್ಬರಿಗೂ ಸೇರಿತ್ತು. ಕೈ ಬೆನ್ನ ಹಿಂದೆ ಎಳೆದುಕೊಂಡವನು ಅಣ್ಣನೊಬ್ಬನೇ.

“ಆ ಕೆಲಸ ಮಾಡಿದ್ದು ನಾನಲ್ಲಮ್ಮ,” ಎಂದ ದೊಡ್ಡ ಮೇಸ್ತ್ರಿ. “ಇವನು.”

ಚಿಕ್ಕ ಮೇಸ್ತ್ರಿ ಅಣ್ಣನ ಮುಖ ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ.

“ಬಾಯಿಗೆ ಬೀಗ ಬಿತ್ತೇನೋ?” ಇನ್ಸ್‌ಪೆಕ್ಟರ್ ಗದರಿದರು.

“ಅಣ್ಣ ಹೇಳಿದ ಮೇಲೆ ಆಯ್ತಲ್ಲ ಸಾರ್. ನಾನೇ ಅಂತ ಬರ್ಕೊಳ್ಳಿ.”

“ಹಿರಿಯರು ಹೇಳಿದ್ದಕ್ಕೆ ತಲೆ ಆಡಿಸೋಕೆ ಇದೇನು ಮದುವೆ ಮಾತುಕತೆನಾ? ಜೈಲು ಕಣೋ ಇದು.”

ನಡೆದದ್ದು ಇಷ್ಟು. ಸ್ಟೀರಿಂಗ್ ನಡುಗುತ್ತದೆ, ಮುಂದಿನಿಂದ ಟಕಟಕ ಶಬ್ದ ಬರುತ್ತದೆ ಎಂದು ದರ್ಜಿ ಶುಕ್ರವಾರ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದ. ಸ್ಟೀರಿಂಗಿನ ಸರಳನ್ನು ಚಕ್ರಕ್ಕೆ ಕೂಡಿಸುವ ಗುಂಡು ಜಾಯಿಂಟು ಸವೆದಿದೆ ಎಂದು ಹೊಸದು ಹಾಕಿ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಸೇತುವೆಯ ತಿರುವಿನಲ್ಲಿ ಚಕ್ರ ಸ್ಟೀರಿಂಗಿನ ಮಾತು ಕೇಳಲಿಲ್ಲ. ಕಾರು ಗೋಡೆಗೆ ಗುದ್ದಿತು. ಹೊಲಿಗೆ ಯಂತ್ರ ತುಳಿಯುವವನಿಗೆ ಕಾಲೇ ಅನ್ನ. ದೂರು ಪಡೆದು ಅಂದೇ ಎಫ್‌ಐಆರ್ ದಾಖಲಾಯಿತು, ಅಣ್ಣ ತಮ್ಮನನ್ನು ಮೊದಲ ಸಲ ಠಾಣೆಗೆ ಕರೆಸಿದ್ದೂ ಅಂದೇ.

ಸೋಮವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತು ಮೀಸೆ ಹೆಡ್ ಕಾನ್‌ಸ್ಟೇಬಲ್ ಇಬ್ಬರು ಪಂಚರ ಎದುರಿಗೆ ಕಾರಿನ ಪಂಚನಾಮೆ ಮಾಡಿದರು. ಎಡಚಕ್ರದ ಜಾಯಿಂಟು ಹೊಸದು. ನಟ್ಟು ಬಿಗಿಯಾಗಿತ್ತು, ಅದು ಕಳಚದಂತೆ ಪಿನ್ನು ಮಡಿಸಿದ್ದರು, ತಪ್ಪು ಹುಡುಕುವಂತಿರಲಿಲ್ಲ. ಬಲಚಕ್ರದ ಜಾಯಿಂಟು ಹಳೆಯದು. ರಬ್ಬರು ಹರಿದು, ತುಕ್ಕು ತಿಂದು, ಗುಂಡು ತನ್ನ ಬಟ್ಟಲಿನಿಂದ ಕಳಚಿ ಹೊರಗೆ ಬಿದ್ದಿತ್ತು.

“ಕಾಯಿಲೆ ಬಲಗಾಲಿಗೆ, ಪಟ್ಟಿ ಎಡಗಾಲಿಗೆ,” ಎಂದ ಮೀಸೆ.

ಎಡಗಡೆಯಿಂದ ಬಿಚ್ಚಿದ ಹಳೇ ಜಾಯಿಂಟು ಗ್ಯಾರೇಜಿನ ಗುಜರಿ ಡ್ರಮ್ಮಿನಲ್ಲಿ ಸಿಕ್ಕಿತು. ಮೀಸೆ ಅದರ ಗುಂಡನ್ನು ತಿರುಗಿಸಲು ಹೋಗಿ ಹಲ್ಲು ಕಚ್ಚಬೇಕಾಯಿತು. ಇನ್ನೂ ಗಟ್ಟಿ. ಅಂದರೆ ಒಳ್ಳೆಯದನ್ನು ಕಿತ್ತೆಸೆದು ಕೆಟ್ಟದ್ದನ್ನು ಬಿಟ್ಟಿದ್ದರು. ಮಾಲು ಜಪ್ತಿಯಾಯಿತು.

ಇನ್ಸ್‌ಪೆಕ್ಟರ್ ಚಿಕ್ಕ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ ಕೇಳಿದರು. “ಯಾವ ಕಡೆ ಸವೆದಿದೆ ಅಂತ ಹೇಗೆ ಗೊತ್ತಾಗುತ್ತೆ?”

“ಒಬ್ಬ ಕೂತು ಸ್ಟೀರಿಂಗ್ ಕುಲುಕ್ಬೇಕು ಸಾರ್. ಇನ್ನೊಬ್ಬ ಕೆಳಗೆ ಮಲಗಿ ಜಾಯಿಂಟಿನ ಮೇಲೆ ಬೆರಳಿಡ್ಬೇಕು. ಸವೆದಿದ್ರೆ ಬೆರಳಿಗೆ ಟಕ್ ಅಂತ ಬಡಿಯುತ್ತೆ.”

“ಎರಡೂ ನೀನೇ ಮಾಡಿದ್ಯಾ? ನಿನಗೇನು ನಾಲ್ಕು ಕೈಯಾ?”

ನೋಡಲು ಬಂದಿದ್ದ ಎದುರಿನ ಟೈರ್ ಅಂಗಡಿಯವನಿಗೆ ತಡೆಯಲಾಗಲಿಲ್ಲ. “ಸಾರ್, ಬೆರಳಿಡೋದು ಯಾವತ್ತೂ ದೊಡ್ಡವನೇ. ತಮ್ಮನಿಗೂ ಬಿಡಲ್ಲ. ಅವನ ಬೆರಳು ಸುಳ್ಳು ಹೇಳಲ್ಲ ಅಂತ ಊರೆಲ್ಲ ಮಾತಿದೆ.”

ಅಣ್ಣ ತಮ್ಮ ಇಬ್ಬರನ್ನೂ ಮತ್ತೆ ಠಾಣೆಗೆ ಕರೆಸಲಾಯಿತು. ಸ್ಟೀಲ್ ಲೋಟಗಳಲ್ಲಿ ಕುದಿಯುವ ಚಹಾ ಬಂತು. ಮೀಸೆ ಕರವಸ್ತ್ರ ಸುತ್ತಿ ಹಿಡಿದ. ಚಿಕ್ಕವನು ಲೋಟವನ್ನು ಬೆಂಚಿನ ಮೇಲಿಟ್ಟು ಊದತೊಡಗಿದ. ದೊಡ್ಡ ಮೇಸ್ತ್ರಿ ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಾ ಕೂತ.

ಬಯ್ಯಲು ಬಾಯಿ ತೆರೆದಿದ್ದ ಇನ್ಸ್‌ಪೆಕ್ಟರ್ ಕಣ್ಣಿಗೆ ಆ ಮುಷ್ಟಿ ಬಿತ್ತು. ಎದ್ದು ಹೋಗಿ ಆ ಲೋಟ ಕಿತ್ತುಕೊಂಡರು. ಬೆರಳು ಚುರ್ರೆಂದಿತು.

“ಸುಡಲ್ವೇನಯ್ಯಾ?”

“ಅಭ್ಯಾಸ ಸಾರ್.”

“ಕೈ ತೋರಿಸು.”

ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು ಒಡೆದ ಹಳೇ ಕಲೆಗಳಿದ್ದವು.

ಠಾಣೆಯ ಜೀಪಿನ ಸ್ಟೀರಿಂಗ್ ಜಾಯಿಂಟೂ ಸವೆದಿತ್ತು. ಡ್ರೈವರ್ ಬಹಳ ದಿನದಿಂದ ಬಡಿದುಕೊಳ್ಳುತ್ತಿದ್ದ, ಕೇಳುವವರಿರಲಿಲ್ಲ. ಇನ್ಸ್‌ಪೆಕ್ಟರ್ ಮೀಸೆಯನ್ನು ಅದರಲ್ಲಿ ಕೂರಿಸಿ ಕುಲುಕಲು ಹೇಳಿದರು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಕೆಳಗೆ ಮಲಗಿ ಒಂದು ಜಾಯಿಂಟಿನ ಮೇಲೆ ಬೆರಳಿಟ್ಟರು. ಟಕ್. ಟಕ್. ಮಗುವಿಗೂ ತಿಳಿಯುವಂತಿತ್ತು.

“ಈಗ ನೀನು ಹೋಗು,” ಎಂದರು ದೊಡ್ಡ ಮೇಸ್ತ್ರಿಗೆ.

ಅವನು ಜೀಪಿನಡಿ ಸರಿದು ಅದೇ ಜಾಯಿಂಟಿನ ಮೇಲೆ ಬೆರಳಿಟ್ಟ. ಮೀಸೆ ಕುಲುಕಿದ.

“ಸರಿ ಇದೆ ಸಾರ್,” ಎಂದ ದೊಡ್ಡ ಮೇಸ್ತ್ರಿ.

ಮೀಸೆ ಇನ್ನೂ ಕುಲುಕುತ್ತಲೇ ಇದ್ದ, ಇನ್ಸ್‌ಪೆಕ್ಟರ್ ಸಾಕೆಂದು ಕೈಯೆತ್ತಿದರು. ದೊಡ್ಡ ಮೇಸ್ತ್ರಿ ಹೊರಗೆ ಬರಲಿಲ್ಲ. ಅವನ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಮಾತು ಜೀಪಿನ ಅಡಿಯಿಂದಲೇ ಬಂತು.

“ಸಕ್ಕರೆ ಕಾಯಿಲೆ ಸಾರ್. ಬೆರಳು ಸತ್ತು ಬಹಳ ದಿನ ಆಯ್ತು. ಶಬ್ದ ಎಡಗಡೆಯಿಂದ ಬಂದ ಹಾಗಿತ್ತು. ಅಂದಾಜಿನ ಮೇಲೆ ಬಿಚ್ಚಿದೆ.”

“ತಮ್ಮನ ಕೈಲಿ ನೋಡಿಸ್ಬಹುದಿತ್ತಲ್ಲ?”

“ಅವನು ಬೆರಳಿಟ್ಟ ದಿನ ಗ್ಯಾರೇಜಿಗೆ ನಾನು ಯಾಕೆ ಬೇಕು ಸಾರ್?”

“ಅವನ ತಲೆಗೆ ಯಾಕೆ ಕಟ್ಟಿದೆ?”

“ಅವನ ತಪ್ಪಾದ್ರೆ, ಚಿಕ್ಕವನು, ಕಲೀತಾನೆ ಅಂತಾರೆ ಜನ. ನನ್ನದಾದ್ರೆ ನನ್ನ ಬೆರಳು ನೋಡ್ತಾರೆ.”

ಚಿಕ್ಕ ಮೇಸ್ತ್ರಿ ಅಲ್ಲೇ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದ. ಹೇಳಿಕೆ ಬರೆಸುವಾಗ ಅವನ ಬಾಯಿ ಬಿಚ್ಚಿತು. “ಕೆಲಸ ಮುಗಿದ ಮೇಲೂ ಕುಲುಕಿ ನೋಡ್ದೆ ಸಾರ್. ಸ್ಟೀರಿಂಗ್ ಇನ್ನೂ ಸಡಿಲ ಇತ್ತು. ಅಣ್ಣನಿಗೆ ಹೇಳ್ದೆ. ನನ್ನ ಬೆರಳಿಗಿಂತ ನಿನ್ನ ಬಾಯಿ ದೊಡ್ಡದಾಯ್ತೇನೋ ಅಂದ. ಸುಮ್ಮನಾದೆ. ದರ್ಜಿ ಕೀ ಇಸ್ಕೊಂಡು ಹೋದಾಗ್ಲೂ ಸುಮ್ಮನೇ ಇದ್ದೆ.”

“ಅದನ್ನೂ ಬರ್ಕೋ,” ಎಂದರು ಇನ್ಸ್‌ಪೆಕ್ಟರ್ ಮೀಸೆಗೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದ ಆರೋಪದ ಮೇಲೆ ದೊಡ್ಡ ಮೇಸ್ತ್ರಿಯ ಬಂಧನವಾಯಿತು. ಸಹಿ ಹಾಕಲು ಪೆನ್ನು ಕೊಟ್ಟಾಗ ಅದು ಎರಡು ಸಲ ಜಾರಿ ಬಿತ್ತು. ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಿಂದಿನ ದಿನದಷ್ಟೇ ಕೋಪ ಅವಳಲ್ಲಿತ್ತು, ಇರಬೇಕಾದದ್ದೇ. ಆದರೂ ಬಗ್ಗಿ ಪೆನ್ನು ಎತ್ತಿಕೊಟ್ಟವಳು ಅವಳೇ.

“ಮಾತ್ರೆ ಎಲ್ಲಿಟ್ಟಿದ್ದೀಯ?” ಚಿಕ್ಕವನು ಅಣ್ಣನನ್ನು ಕೇಳಿದ.

“ಟೂಲ್ ಪೆಟ್ಟಿಗೆ ತಳದಲ್ಲಿ. ಪಾನಾಗಳ ಕೆಳಗೆ.”

“ನನಗೆ ಕಾಣಬಾರದು ಅಂತ.”

ಅಣ್ಣ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡ.

“ತರ್ತೀನಿ,” ಎಂದು ಚಿಕ್ಕವನು ಮೆಟ್ಟಿಲಿಳಿದು ಹೋದ.

ಸಂಜೆ ಮಾತ್ರೆ ಬಂತು. ತಂದವನು ಟೈರ್ ಅಂಗಡಿಯವನು. ಜೊತೆಗೆ ಗ್ಯಾರೇಜಿನ ಬೀಗದ ಕೈಯೂ ಇತ್ತು.

“ಅವನೆಲ್ಲಿ?” ಎಂದ ದೊಡ್ಡ ಮೇಸ್ತ್ರಿ.

“ಬ್ಯಾಗ್ ಹಿಡ್ಕೊಂಡು ಬಸ್ ಹತ್ತಿದ. ಊಟ ಆದ ಮೇಲೆ ಮಾತ್ರೆ ನುಂಗಬೇಕಂತೆ, ಮರೀಬೇಡ ಅಂತ ಹೇಳು ಅಂದ. ಬೇರೇನೂ ಹೇಳ್ಲಿಲ್ಲ.”

ದೊಡ್ಡ ಮೇಸ್ತ್ರಿ ಬೀಗದ ಕೈ ಇಸಿದುಕೊಂಡು ಮುಷ್ಟಿ ಬಿಗಿ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಮುಷ್ಟಿ ಬಿಚ್ಚಿ, ಅದು ಕೈಯಲ್ಲಿದೆಯೇ ಎಂದು ಕಣ್ಣಿಂದ ನೋಡಿಕೊಂಡ.