ಸಾವಂತ್ರಿಯ ಕೆಂಪು ಚಿನ್ನ

ಬೆಟ್ಟಗಳಿಗಿನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಮಿಂಚುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕನ ಕಾಟ. ಯಾರ ಮನೆಯಲ್ಲಿ ನಿಶ್ಚಿತಾರ್ಥವಾದರೂ ಕರೆಯದೆ ಬರುತ್ತಿದ್ದ. ಹರಸುವ ನೆಪದಲ್ಲಿ ಹುಡುಗಿಯ ಉಂಗುರದ ಕೈ ಹಿಡಿದು ಹಿಚುಕುತ್ತಿದ್ದ. ಮರುಕ್ಷಣ ಹುಡುಗಿ ಚಿನ್ನದ ಗೊಂಬೆ! "ನಿಮ್ಮ ಚಿನ್ನದಲ್ಲಿ ಬೆರಕೆ ಇತ್ತು, ಅಮಂಗಳವಾಯಿತು" ಎಂದು ಗೊಂಬೆಯನ್ನು ಹೊತ್ತು ಹೋಗುತ್ತಿದ್ದ. ತಡೆಯಲು ಬಂದವರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

ಹೆದರಿದ ಅಕ್ಕಸಾಲಿಗರು ಚಿನ್ನವನ್ನು ಮತ್ತೆ ಮತ್ತೆ ಪುಟಕ್ಕಿಟ್ಟು ಅಪ್ಪಟ ಹಳದಿ ಅಪರಂಜಿ ಮಾಡಿದರು. ಆದರೂ ಆರು ಹುಡುಗಿಯರು ಗೊಂಬೆಯಾದರು. ಏಳನೆಯವಳು ಬಸಂತಿ, ಅಕ್ಕಸಾಲಿಗ ಮೌನೇಶನ ಒಬ್ಬಳೇ ತಂಗಿ. ಅವಳ ಉಂಗುರ ಮಾಡಿದವನು ಮೌನೇಶನೇ. ಎಲ್ಲಿ ಬೆರಕೆ ಉಳಿಯಿತೋ ಎಂದು ಅವನು ಊಟ ಬಿಟ್ಟು ಕೊರಗಿದ.

ಈಗ ಅವನದೇ ನಿಶ್ಚಿತಾರ್ಥ. ಹುಡುಗಿ ಸಾವಂತ್ರಿ, ತಾಮ್ರದ ಕೊಡ ಬಡಿಯುವ ಸೋದರಮಾವನ ಮಗಳು. ಅವಳೆಂದರೆ ಮೌನೇಶನಿಗೆ ಪ್ರಾಣ. ಏಳು ಬೆಟ್ಟದಾಚೆ ಮೂರು ಪ್ರಾಣಿಗಳು ಮೂರು ಬಣ್ಣದ ಚಿನ್ನ ಕಾಯುತ್ತವೆ ಎಂದು ಕೇಳಿ, ಮಂತ್ರ ಹತ್ತದ ಚಿನ್ನ ಅಲ್ಲಾದರೂ ಸಿಕ್ಕೀತೆಂದು ಅವನು ಬುತ್ತಿ ಕಟ್ಟಿದ. ಸಾವಂತ್ರಿ ಬಾಗಿಲಿಗೆ ಅಡ್ಡ ನಿಂತಳು.

"ನಾನೂ ಬರ್ತೀನಿ ಬಾವ."

"ಹುಡುಗಿ ಮೊದಲೇ ಉಂಗುರ ನೋಡಬಾರದಂತೆ, ಸಂಪ್ರದಾಯ."

"ಬೆರಳು ಯಾರದು? ಸಂಪ್ರದಾಯದ್ದೋ ನಂದೋ?"

ಇಬ್ಬರೂ ಹೊರಟರು.

ಮೊದಲ ಚಿನ್ನವನ್ನು ಏಳು ಹೆಡೆಯ ಹಾವು ಕಾಯುತ್ತಿತ್ತು. ಹಳದಿ ಉಂಗುರ ಕೊಟ್ಟು ಅದು ಹೇಳಿತು: "ಇದನ್ನು ತೊಟ್ಟು ನನ್ನ ಬಾವಿಯಿಂದ ನೂರು ಕೊಡ ನೀರು ಸೇದು. ಆಮೇಲೂ ಬೇಕೆನಿಸಿದರೆ ಚಿನ್ನ ನಿನ್ನದು." ಸಾವಂತ್ರಿ ಸೇದಿದಳು. ಹತ್ತನೆಯ ಕೊಡಕ್ಕೇ ಹಗ್ಗದ ಒತ್ತಡಕ್ಕೆ ಉಂಗುರ ಚಪ್ಪಟೆಯಾಯಿತು.

"ಬಾವ, ಗೊಂಬೆಯಾದಾಗ ಬಸಂತಿಯ ಉಂಗುರವೂ ಹಿಂಗೇ ಚಪ್ಪಟೆ ಆಗಿತ್ತಲ್ವಾ?"

ಮೌನೇಶ ಆ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದ. ಅಪರಂಜಿ ಮೆತ್ತಗೆ ಎಂಬುದು ಅಕ್ಕಸಾಲಿಗರ ಮನೆಯ ಕೂಸಿಗೂ ಗೊತ್ತು. ಭಯದಲ್ಲಿ ಊರಿಗೆ ಊರೇ ಅದನ್ನು ಮರೆತಿತ್ತು. ಈಗ ಇಬ್ಬರಿಗೂ ಹೊಳೆಯಿತು: ಬೂದಿಗಣ್ಣ ಹಿಚುಕಿದಾಗ ಉಂಗುರ ಬಾಗಿದರೆ ಮಾತ್ರ ಮಂತ್ರ ಹತ್ತುತ್ತದೆ. ಬೆರಕೆ ಅಮಂಗಳ ಎಂಬ ಮಾತನ್ನು ಹಬ್ಬಿಸಿದವನೂ ಅವನೇ.

ಎರಡನೆಯದನ್ನು ಬೆಳ್ಳಿ ರೆಕ್ಕೆಯ ಹಂಸ ಕಾಯುತ್ತಿತ್ತು. ಬೆಳ್ಳಿ ಬೆರೆತ ಬಿಳಿ ಚಿನ್ನ. "ಇದನ್ನು ತೊಟ್ಟು ಮೂರು ಸೇರು ರಾಗಿ ಬೀಸು" ಎಂದಿತು ಹಂಸ. ಎರಡು ಸೇರಿನವರೆಗೆ ಉಂಗುರ ತಡೆಯಿತು. ಮೂರನೆಯದಕ್ಕೆ ಕೋಳಿಮೊಟ್ಟೆಯ ಆಕಾರಕ್ಕೆ ಬಂತು.

"ಬಣ್ಣವೂ ಬೇಡ" ಎಂದಳು ಸಾವಂತ್ರಿ. "ಹಿಟ್ಟಿನ ಕೈ ತೊಳೆಯೋದು ಮರೆತವಳ ಹಂಗೆ ಕಾಣ್ತೀನಿ."

ಮೂರನೆಯದನ್ನು ಆನೆಗಾತ್ರದ ಹುಂಜ ಕಾಯುತ್ತಿತ್ತು. ತಾಮ್ರ ಬೆರೆತ ಕೆಂಪು ಚಿನ್ನ. "ಇದನ್ನು ತೊಟ್ಟು ಒಂದು ಕೊಡ ಬಡಿ" ಎಂದಿತು ಹುಂಜ. ಸಾವಂತ್ರಿ ಸುತ್ತಿಗೆ ಹಿಡಿದು ಹೊತ್ತು ಮುಳುಗುವ ತನಕ ಬಡಿದಳು. ಕೊಡ ಆಯಿತು. ಉಂಗುರ ಕೂದಲೆಳೆಯಷ್ಟೂ ಬಾಗಲಿಲ್ಲ. ಅವಳ ಕಪ್ಪು ಬೆರಳಿನಲ್ಲಿ ಅದು ಎಷ್ಟು ಚೆಂದ ಕಂಡಿತೆಂದರೆ ಮೌನೇಶ ಕಣ್ಣು ತೆಗೆಯಲಿಲ್ಲ.

ಆದರೂ ಅವನ ಅಳುಕು ಹೋಗಲಿಲ್ಲ. "ಬೆರಕೆ ಅಂತ ಹಿರಿಯರು ಉಗೀತಾರೆ ಸಾವಂತ್ರಿ. ನಾವು ಎಣಿಸಿದ್ದು ತಪ್ಪಾಗಿದ್ರೆ? ನಿನ್ನನ್ನ ಕಳ್ಕೊಂಡು ನಾನು ಬದುಕಲ್ಲ."

"ನನಗೆ ಇಷ್ಟ ಆಗಿದ್ದು ಇದೇ. ಹೆದರಿಕೆ ನನಗೂ ಇದೆ. ನೀನು ಹಾಕು, ನಾನು ಕೈ ಚಾಚ್ತೀನಿ."

ನಿಶ್ಚಿತಾರ್ಥದ ದಿನ ಕೆಂಪು ಉಂಗುರ ಕಂಡು ಹಿರಿಯರು ಹೌಹಾರಿದರು. "ಅಕ್ಕಸಾಲಿಗನ ಮನೆಯಲ್ಲಿ ಬೆರಕೆ ಚಿನ್ನವೇ!" ಮೌನೇಶ ತುಟಿ ಕಚ್ಚಿಕೊಂಡು ಉಂಗುರ ತೊಡಿಸಿಯೇಬಿಟ್ಟ. ಅಷ್ಟರಲ್ಲಿ ಬೂದಿಗಣ್ಣ ಬಂದ. "ನೂರ್ಕಾಲ ಬಾಳಮ್ಮ" ಎನ್ನುತ್ತ ಅವಳ ಕೈ ಹಿಡಿದು ಹಿಚುಕಿದ. ಉಂಗುರ ಬಾಗಲಿಲ್ಲ. ಹಲ್ಲು ಕಚ್ಚಿ ಹಿಚುಕಿದ. ಬಾಗಲಿಲ್ಲ. ಎರಡೂ ಕೈಯಲ್ಲಿ ಹಿಚುಕಿದ. ಸಾವಂತ್ರಿ ನೋವಿಗೆ ಕಣ್ಣೀರು ಹಾಕಿದಳೇ ಹೊರತು ಕೈ ಎಳೆದುಕೊಳ್ಳಲಿಲ್ಲ. ಹತ್ತಲು ಜಾಗ ಸಿಗದ ಮಂತ್ರ ತಿರುಗಿ ಮಾಂತ್ರಿಕನಿಗೇ ಹತ್ತಿತು. ಬೆರಳಿನಿಂದ ನೆತ್ತಿಯವರೆಗೆ ಬೂದಿಗಣ್ಣ ಚಿನ್ನವಾದ.

ಅದೇ ಗಳಿಗೆಗೆ ಅವನ ಅರಮನೆಯಲ್ಲಿ ಏಳು ಗೊಂಬೆಗಳು ಉಸಿರಾಡಿದವು. ಸಂಜೆಯೊಳಗೆ ಏಳು ಹುಡುಗಿಯರೂ ಓಡೋಡಿ ಬಂದರು. ಬಸಂತಿ ಅಣ್ಣನ ಕುತ್ತಿಗೆಗೆ ಬಿದ್ದು ಅತ್ತಳು, ಅಣ್ಣ ಅವಳಿಗಿಂತ ಜೋರಾಗಿ ಅತ್ತ.

ಮಾಂತ್ರಿಕನ ಚಿನ್ನವನ್ನು ಏನು ಮಾಡುವುದು? ಸಾವಂತ್ರಿ ಕುಲುಮೆ ಊದಿದಳು, ಮೌನೇಶ ಅವನನ್ನು ಕರಗಿಸಿದ. ಏಳು ಹುಡುಗಿಯರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬಳನ್ನೂ ಕೇಳಿದ: "ನಿನಗೆ ಯಾವ ಬಣ್ಣ ಬೇಕಮ್ಮ?" ಆ ರಾಜ್ಯದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ಒಬ್ಬಳು ಬಿಳಿ ಎಂದಳು, ಇಬ್ಬರು ಕೆಂಪು ಎಂದರು, ಮೂವರು "ಬಾಗಿದರೂ ಚಿಂತೆಯಿಲ್ಲ, ಹಳದಿಯೇ ಬೇಕು" ಎಂದರು. ಕೇಳಿದ್ದನ್ನು ಕೇಳಿದವರಿಗೆ ಮಾಡಿಕೊಟ್ಟ.

ಎಲ್ಲರ ಮದುವೆಯಾಯಿತು, ಎಲ್ಲರೂ ಸುಖವಾಗಿ ಬಾಳಿದರು. ಬಸಂತಿ ಮಾತ್ರ ಯಾವ ಬಣ್ಣವೆಂದು ಇನ್ನೂ ಯೋಚಿಸುತ್ತಿದ್ದಾಳಂತೆ. ಅವಳ ಗಂಡು ಪಕ್ಕದಲ್ಲೇ ಕುಳಿತು, ನಿಧಾನವಾಗಿ ಹೇಳು, ಅವಸರವೇನಿಲ್ಲ ಎನ್ನುತ್ತಿದ್ದಾನಂತೆ.