ಸಂಕವ್ವ ಹಿಡಿದ ತೊಲೆ

ಬಹಳ ಹಿಂದೆ, ಕಲ್ಲು ಉಸಿರಾಡುತ್ತಿದ್ದ ಕಾಲದಲ್ಲಿ, ಬಿಳಿಗಲ್ಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಜಂಭಾಳ ಎಂಬ ಮಂತ್ರವಾದಿ ಬಂದ. ತಳ ಕಾಣದ ಕಂದಕದ ಅಂಚಿನಲ್ಲಿ ಅರಮನೆ ಕಟ್ಟಿದ. ಮರ ತರಿಸಲಿಲ್ಲ. ಕಂಬ ಕಡೆಸಲಿಲ್ಲ. ಮನುಷ್ಯರನ್ನೇ ನಿಲ್ಲಿಸಿ ಕಲ್ಲು ಮಾಡಿ, ಅವರ ಮೇಲೆ ಛಾವಣಿ ಹಾಸಿದ. ಮೊದಲ ಕಂಬ ಆ ನಾಡಿನ ರಾಜನೇ. ಆಮೇಲೆ ಮನೆಗೊಬ್ಬರು.

ಅಲ್ಲಿ ಮಾಚ ಎಂಬ ಹೊರೆಯಾಳು ಇದ್ದ. ಅವನ ಹೆಂಡತಿ ಸಂಕವ್ವ. ಬಿದಿರಿನ ಅಡ್ಡೆಗೆ ಕಲ್ಲು ಕಟ್ಟಿ, ಮುಂದೊಬ್ಬರು ಹಿಂದೊಬ್ಬರು ಹೆಗಲು ಕೊಟ್ಟು ಸಾಗಿಸುವುದು ಅವರ ಕೆಲಸ. ಹಗ್ಗದ ಗಂಟು ಯಾರಿಗೆ ಹತ್ತಿರವೋ ಅವರಿಗೆ ಭಾರ ಹೆಚ್ಚು. ಮಾಚ ಗಂಟನ್ನು ತನ್ನ ಕಡೆ ಸರಿಸುತ್ತಿದ್ದ. ಅವನು ಅತ್ತ ತಿರುಗಿದಾಗ ಸಂಕವ್ವ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

"ಹಗುರ ಆಯ್ತಲ್ಲ. ಗಂಟು ಮುಟ್ಟಿದ್ಯಾ?"

"ಕಲ್ಲು ಸವೆದಿರಬೇಕು ಮಾವ. ಸುಮ್ನೆ ನಡಿ."

ಒಂದು ದಿನ ಮಾಚ ಕಲ್ಲುಗಣಿಯಲ್ಲಿದ್ದಾಗ ಮಂತ್ರವಾದಿಯ ಆಳುಗಳು ಬಂದರು. ಈ ಮನೆಯಿಂದ ಒಬ್ಬರು ಬೇಕು ಎಂದರು. ಗಂಡ ಬರುವ ಮುಂಚೆಯೇ ಸಂಕವ್ವ ಅವರ ಹಿಂದೆ ಹೊರಟುಹೋದಳು.

ಮಾಚ ಬಂದ. ಮುದ್ದೆಗೆ ಇಟ್ಟ ನೀರು ಕುದಿದು ಬತ್ತಿತ್ತು. ನೆರೆಯವರು ಹೇಳಿದರು. ಕೇಳಿಸಿಕೊಂಡ. ಮರುದಿನ ಒಬ್ಬನೇ ಅಡ್ಡೆಗೆ ಹೆಗಲು ಕೊಟ್ಟ. ಈ ತುದಿ ಎದ್ದಿತು. ಆ ತುದಿ ನೆಲದಲ್ಲೇ ಇತ್ತು. ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಅಡ್ಡೆ ಇಳಿಸಿ ಕಂದಕದ ಕಡೆ ನಡೆದ.

ಮಟಮಟ ಮಧ್ಯಾಹ್ನ. ಹಕ್ಕಿ ಕೂಗಲಿಲ್ಲ. ಅವನು ನಿಂತರೂ ಅವನ ನೆರಳು ಇನ್ನೊಂದು ಹೆಜ್ಜೆ ಹಾಕಿ ನಿಲ್ಲುತ್ತಿತ್ತು.

ಮೊದಲ ಬಾಗಿಲು ಬಂತು. ಎರಡು ಕಂಬ, ಮೇಲೊಂದು ತೊಲೆ. ಕಂಬಗಳಿಗೆ ಕಣ್ಣಿತ್ತು. ಕಣ್ಣು ಅವನನ್ನು ನೋಡಿತು. ತೊಲೆಯ ನಟ್ಟನಡುವೆ ಕಲ್ಲುಕೋಣ ಮಲಗಿ ಜಲ್ಲಿ ಮೆಲುಕು ಹಾಕುತ್ತಿತ್ತು.

"ಇಲ್ಲಿ ಒಂದೇ ಕಟ್ಟಳೆ," ಅಂದಿತು ಕೋಣ. "ತಾನೆಷ್ಟು ಹೊತ್ತಿದೀನಿ ಅಂತ ಕಂಬಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಕಲ್ಲಾಗಿದೆ. ಸರಿಯಾಗಿ ಹೇಳಿದರೆ ಬಿಡುಗಡೆ. ತಪ್ಪಿದರೆ ನೀನೂ ಕಂಬ. ನನ್ನ ತೂಕ ಹತ್ತು ಗುಂಡುಕಲ್ಲು. ಯಾರ ಮೇಲೆ ಎಷ್ಟು?"

ಮಾಚನ ಪಾದ ತಣ್ಣಗಾಯಿತು. ನೋಡಿದರೆ ಬೆರಳು ಕಲ್ಲಾಗಿತ್ತು. ಐದೈದು ಅನ್ನಲು ಬಾಯಿ ತೆರೆದ. ಮುಚ್ಚಿದ. ಹೊರೆಯಾಳುಗಳು ಅಡ್ಡೆಯನ್ನೂ ತೂಕಕ್ಕೆ ಸೇರಿಸುತ್ತಾರೆ. ಹೆಗಲಿಗೆ ಕಲ್ಲು ಬೇರೆ, ಬಿದಿರು ಬೇರೆ ಅಲ್ಲ.

"ತೊಲೆ ಎಷ್ಟು ತೂಗುತ್ತೆ?"

"ಅದನ್ನ ಇದುವರೆಗೆ ಯಾರೂ ಕೇಳಿರಲಿಲ್ಲ," ಅಂದಿತು ಕೋಣ, ಬೇಸರದಿಂದ. "ನಾಲ್ಕು."

"ಹಾಗಾದ್ರೆ ಇಬ್ಬರಿಗೂ ಏಳೇಳು."

ಕೋಣ ಮರಳಾಗಿ ಸುರಿಯಿತು. ತೊಲೆಯೂ ಸುರಿಯಿತು. ಕಂಬಗಳು ಉಸಿರೆಳೆದು ಒಬ್ಬ ಕುಂಬಾರ, ಒಬ್ಬಳು ಕುಂಬಾರತಿ ಆದವು. ಮಾಚನ ಬೆರಳು ಮೆತ್ತಗಾದವು.

"ಏಳೇನಾ?" ಅಂದಳು ಕುಂಬಾರತಿ, ಕತ್ತು ನೀವಿಕೊಳ್ಳುತ್ತಾ. "ನಾನು ಇಪ್ಪತ್ತು ಅಂದ್ಕೊಂಡಿದ್ದೆ ಕಣಪ್ಪ. ಒಳಗೆ ಹುಷಾರು. ಕೊನೆ ಬಾಗಿಲಲ್ಲಿ ಬರೀ ತೂಕ ಹೇಳಿದೋರು ಕಲ್ಲಾಗ್ತಾರೆ ಅಂತ ಜಂಭಾಳ ನಗ್ತಿದ್ದ. ಇಲ್ಲಿಗೇ ಕೇಳಿಸ್ತಿತ್ತು."

ಎರಡನೆಯ ಬಾಗಿಲು ಬಂತು. ಅಂಥದೇ ತೊಲೆ, ನಾಲ್ಕು ಮಾರು ಉದ್ದ. ಅದರ ಮೇಲೆ ಕಲ್ಲುಹುಲಿ. ನಡುವೆ ಕೂತಿರಲಿಲ್ಲ. ಎಡಗಂಬದಿಂದ ಒಂದೇ ಮಾರು ದೂರದಲ್ಲಿತ್ತು. ಹುಲಿ ಬಾಯಿ ತೆರೆಯಿತು. ಬಂದದ್ದು ಸಂಕವ್ವನ ದನಿ.

"ನನ್ನ ತೂಕ ಹನ್ನೆರಡು ಮಾವ. ಬೇಗ ಹೇಳು ಮಾವ. ಕೈ ಸೋತಿದೆ."

ಮಾಚ ಕಣ್ಣು ಮುಚ್ಚಿದ. ಕಲ್ಲು ಮೊಣಕಾಲಿಗೆ ಬಂತು. ಅವನು ಅವಸರ ಮಾಡಲಿಲ್ಲ. ಎಡಗಂಬವೇ ಕೀಲು ಅಂದುಕೊಂಡ. ಕೀಲಿನಿಂದ ಒಂದು ಮಾರು ದೂರ ಕೂತ ಹುಲಿ ತೊಲೆಯನ್ನು ಮಗುಚಲು ನೋಡುತ್ತಿದೆ. ಬಲಗಂಬ ನಾಲ್ಕು ಮಾರು ದೂರ ನಿಂತು ತಡೆಯುತ್ತಿದೆ. ನಾಲ್ಕರಷ್ಟು ದೂರ ನಿಂತವನಿಗೆ ನಾಲ್ಕರಲ್ಲೊಂದು ಪಾಲು ಸಾಕು. ಅಂದರೆ ಮೂರು. ಮಿಕ್ಕ ಒಂಬತ್ತು ಎಡಕ್ಕೆ. ತೊಲೆಯ ತೂಕ ಎರಡೆರಡು ಸೇರಿಸಿದ.

"ಎಡಕ್ಕೆ ಹನ್ನೊಂದು. ಬಲಕ್ಕೆ ಐದು."

ಹುಲಿ, ತೊಲೆ ಸುರಿದವು. ಕಂಬಗಳು ಮನುಷ್ಯರಾದವು, ಮಾಚನ ಕಾಲು ಮೆತ್ತಗಾಯಿತು. ದನಿ ಮಾತ್ರ ಸ್ವಲ್ಪ ಹೊತ್ತು ಗಾಳಿಯಲ್ಲಿ ಉಳಿದು, ಮಾವ, ಮಾವ ಅಂತ ಸಣ್ಣದಾಗುತ್ತಾ ಹೋಯಿತು. ಅದು ಪೂರ್ತಿ ನಿಲ್ಲುವವರೆಗೆ ಅವನು ಕದಲಲಿಲ್ಲ.

ಒಳಗೆ ದೊಡ್ಡ ಹಜಾರ. ಊರಿಗೆ ಊರೇ ಕಂಬವಾಗಿ ನಿಂತಿತ್ತು. ಕಂಬಗಳು ಬೆವರುತ್ತಿದ್ದವು. ಹಜಾರದ ಕೊನೆಯಲ್ಲಿ ಗೋಡೆ ಬಾಯಿ ತೆರೆದು ಕಂದಕ ಕಾಣುತ್ತಿತ್ತು. ಅಲ್ಲಿ ಸಂಕವ್ವ ಮೊಣಕಾಲವರೆಗೆ ನೆಲದಲ್ಲಿ ಹೂತು ನಿಂತಿದ್ದಳು. ಅವಳ ಕೈಯಿಂದ ಒಂದು ತೊಲೆ ಕಂದಕದ ಮೇಲೆ ಚಾಚಿತ್ತು. ಆ ತುದಿಗೆ ಕಂಬವೇ ಇರಲಿಲ್ಲ. ತುದಿಯಲ್ಲಿ ಜಂಭಾಳ ಕಾಲು ಇಳಿಬಿಟ್ಟು ಕೂತಿದ್ದ.

"ನನ್ನ ತೂಕ ಐದು," ಅಂದ ಜಂಭಾಳ. "ತೊಲೆಯದು ನಾಲ್ಕು. ಉದ್ದ ನಾಲ್ಕು ಮಾರು. ಕಂಬ ಒಂದೇ. ಪಾಲು ಮಾಡೋ ತೊಂದರೆಯೂ ಇಲ್ಲ. ನಿನಗೆ ಅಂತ ಸುಲಭದ್ದು ಇಟ್ಟಿದೀನಿ ನೋಡು."

ಕಲ್ಲು ಮಾಚನ ತೊಡೆಗೆ ಏರಿತು. ಅಡ್ಡೆಗೆ ಯಾವತ್ತೂ ಇಬ್ಬರು. ಒಬ್ಬರೇ ಹೊರುವುದನ್ನು ಅವನು ಕಂಡಿರಲಿಲ್ಲ. ಹೆಂಡತಿಯ ಮುಖ ನೋಡಿದ. ಮುಖ ಕಲ್ಲು. ಕೈ ನೋಡಿದ.

ಒಂದು ಕೈ ತೊಲೆಯ ಅಡಿಯಲ್ಲಿ ಮೇಲಕ್ಕೆ ಎತ್ತುತ್ತಿತ್ತು. ಇನ್ನೊಂದು ಕೈ ಹಿಂದೆ, ತೊಲೆಯ ಮೇಲಿತ್ತು. ಕೆಳಕ್ಕೆ ಅದುಮುತ್ತಿತ್ತು.

ಬರೀ ತೂಕವಾದರೆ ಮೇಲಿನ ಕೈಗೆ ಏನು ಕೆಲಸ? ಒನಕೆಯನ್ನು ಒಂದು ತುದಿಯಲ್ಲಿ ಹಿಡಿದು ಅಡ್ಡ ಚಾಚಿದರೆ ನೋಯುವುದು ಹೆಗಲಲ್ಲ, ಮಣಿಕಟ್ಟು. ಕಲ್ಲು ಎದೆಗೆ ಬಂತು.

"ತೂಕ ಒಂಬತ್ತು," ಅಂದ ಮಾಚ.

ಜಂಭಾಳ ನಕ್ಕ. "ಮುಗೀತಾ?"

"ಮುಗಿದಿಲ್ಲ. ಮಗುಚೋದು ಬಾಕಿ ಇದೆ. ತೂಕ ಎಷ್ಟು ಮಾರು ದೂರವೋ ಅಷ್ಟು ಪಟ್ಟು ಮಗುಚುತ್ತೆ. ನಿನ್ನ ಐದು, ನಾಲ್ಕು ಮಾರು ದೂರದಲ್ಲಿ. ಇಪ್ಪತ್ತು ಆಯ್ತು. ತೊಲೆಯ ನಾಲ್ಕು ಅದರ ನಡುವೆ, ಎರಡು ಮಾರು ದೂರದಲ್ಲಿ. ಎಂಟು. ಎರಡೂ ಸೇರಿ ಇಪ್ಪತ್ತೆಂಟು." ಅವನು ಮಂತ್ರವಾದಿಯ ಕಡೆ ನೋಡುತ್ತಿರಲಿಲ್ಲ. "ಸಂಕೀ, ನೀನು ಒಂಬತ್ತು ಹೊತ್ತಿದೀಯ. ಮೇಲೆ ಇಪ್ಪತ್ತೆಂಟು ಮಗುಚದ ಹಾಗೆ ತಡೆದಿದೀಯ. ಒಬ್ಬಳೇ."

ಸಂಕವ್ವನ ರೆಪ್ಪೆ ಬಡಿಯಿತು. ಬೆರಳು ಬಿಚ್ಚಿದವು.

ತೊಲೆ ಹೋಯಿತು. ಜಂಭಾಳನೂ ಹೋದ. ಬಿದ್ದ ಸದ್ದು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮಾಯೆ ಹರಿಯಿತು. ಮಾಚನ ಮೈಯ ಕಲ್ಲು ಕರಗಿತು, ಸಂಕವ್ವನ ಕಾಲು ನೆಲ ಬಿಟ್ಟು ಬಂತು. ಹಜಾರದ ಕಂಬಗಳೆಲ್ಲ ಒಟ್ಟಿಗೇ ಮನುಷ್ಯರಾದವು. ಗೋಡೆಗಳು ಮರಳಾಗಿ ಸುರಿದು ದಿಣ್ಣೆಯಾದವು. ಛಾವಣಿ ಮಾತ್ರ ಕಲ್ಲಾಗಿಯೇ ಇತ್ತು. ಅದು ಗೇಣುದ್ದ ಕುಸಿಯಿತು. ಜನ ಓಡಲು ನೋಡಿದರು.

"ಯಾರೂ ಬಿಡಬೇಡಿ," ಅಂದಳು ಸಂಕವ್ವ. "ಒಬ್ಬ ಬಿಟ್ಟರೆ ಅವನ ಪಾಲು ಪಕ್ಕದವನ ಮೇಲೆ. ಅವನೂ ಬಿದ್ದರೆ ಅದರಾಚೆಯವನ ಮೇಲೆ."

ಮಾಚ ಒಂದು ಮೂಲೆಗೆ ಹೆಗಲು ಕೊಟ್ಟ. ಸಂಕವ್ವ ಎದುರು ಮೂಲೆಗೆ ಕೊಟ್ಟಳು. ಮೊದಲ ಬಾಗಿಲ ಕುಂಬಾರತಿ, ಕುಂಬಾರ ಓಡಿಬಂದು ನಡುವೆ ನಿಂತರು.

"ಎಲ್ಲರೂ ಒಟ್ಟಿಗೆ ಇಳಿಸಿ," ಅಂದ ಮಾಚ. "ನಾನು ಹೂಂ ಅಂದಾಗ ಒಂದು ಗೇಣು. ಅಷ್ಟೇ."

"ನಾನೂ ಬಗ್ಗಬೇಕಾ?" ಅಂದ ರಾಜ. ಅವನ ಕಿರೀಟ ಚಪ್ಪಟೆಯಾಗಿತ್ತು.

"ಬಗ್ಗಪ್ಪ. ಸೊಂಟ ಬೇಡ, ಮಂಡಿ ಬಗ್ಗಿಸು. ಸೊಂಟ ಹೋದರೆ ಸಿಂಹಾಸನ ಹತ್ತೋಕಾಗಲ್ಲ."

ಯಾರೋ ನಕ್ಕರು. ಆ ಹಜಾರದಲ್ಲಿ ಮನುಷ್ಯರ ನಗು ಅದೇ ಮೊದಲು. ಹೂಂ ಅಂದ ಮಾಚ. ಛಾವಣಿ ಒಂದು ಗೇಣು ಇಳಿಯಿತು. ಹೂಂ. ಇನ್ನೊಂದು. ತಲೆಯಿಂದ ಹೆಗಲಿಗೆ, ಹೆಗಲಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ. ಬಿದ್ದ ಮರಳಿನ ದಿಣ್ಣೆಗಳ ಮೇಲೆ ಅದು ಕೂತಿತು. ಒಬ್ಬೊಬ್ಬರೇ ತೆವಳಿ ಹೊರಬಂದರು. ಕಡೆಗೆ ಬಂದವರು ಮಾಚ, ಸಂಕವ್ವ. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಆ ಕಲ್ಲನ್ನು ಮತ್ತೆ ಯಾರೂ ಎತ್ತಲಿಲ್ಲ. ಬಿಳಿಗಲ್ಲಿನ ಜನ ಅದರ ಮೇಲೆ ರಾಗಿ ಒಣಗಿಸಿದರು. ರಾಜನೂ ಸಂಜೆ ಬಂದು ಕೂರುತ್ತಿದ್ದ. ಎಲ್ಲರ ಮನೆಯಲ್ಲೂ ಒಲೆ ಉರಿಯಿತು.

ಮಾಚ, ಸಂಕವ್ವ ಬಹಳ ಕಾಲ ಬಾಳಿದರು. ಇಬ್ಬರೂ.